ದೇವರಮನೆಗೆ ಹೊಡೆಯದ ಮದ್ದು

ಸಿದ್ದಾರೂಢ ಬಾಗಿಲಿಗೆ ಬಂದನೆಂದರೆ ತ್ಯಾಗರಾಜನಗರದ ಹೆಂಗಸರು ಮೊದಲು ಉಪ್ಪಿನಕಾಯಿ ಜಾಡಿಗಳನ್ನು ನಡುಮನೆಗೆ ಸಾಗಿಸುತ್ತಿದ್ದರು, ಆಮೇಲೆ ಗೊಣಗಲು ಶುರುಮಾಡುತ್ತಿದ್ದರು. "ಹೋದ ಸಲ ಹೊಡೆದಿದ್ದು ಏನೂ ಪ್ರಯೋಜನ ಆಗ್ಲಿಲ್ಲಪ್ಪ. ಸಿಂಕ್ ಕೆಳಗೆ ಹಂಗೇ ಓಡಾಡ್ತಿವೆ." ಅವನು ತಲೆಯಾಡಿಸಿ, ಪಂಪಿಗೆ ಗಾಳಿ ತುಂಬುತ್ತಿದ್ದ. ಜಿರಲೆ ಮದ್ದು ಹೊಡೆಯುವವನಿಗೆ ಹೊಗಳಿಕೆ ಎಲ್ಲಿಂದ ಬರಬೇಕು? ಸತ್ತ ಜಿರಲೆ ಯಾರ ಕಣ್ಣಿಗೂ ಬೀಳುವುದಿಲ್ಲ, ಬದುಕಿದ್ದು ಎಲ್ಲರಿಗೂ ಕಾಣುತ್ತದೆ.

ತೊಂಬತ್ತರ ದಶಕದ ಆರಂಭದಲ್ಲಿ ನರಗುಂದದ ಕಡೆಯಿಂದ ಬಂದವನು ಅವನು. ಬಿಟಿಎಂ ಲೇಔಟಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಬಾಡಿಗೆಗೆ ಹಿಡಿದು, ಹೆಂಡತಿ ದಾನಮ್ಮನನ್ನು ಕರೆತಂದ. ಮದ್ದು ಹೊಡೆಯುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆಗಿನ ಮದ್ದಿನ ಪ್ರತಾಪವೇ ಬೇರೆ. ಬೆಳಗ್ಗೆ ಹೊಡೆದು ಬಂದರೆ ಸಂಜೆಗೆ ಜಿರಲೆಗಳನ್ನು ಮೊರದಲ್ಲಿ ಬಾಚಿ ಎಸೆಯಬಹುದಿತ್ತು. ವರ್ಷ ಕಳೆದಂತೆ ಅವು ಸಾಯುವ ಬದಲು ತೂರಾಡತೊಡಗಿದವು. ಆಮೇಲೆ ತೂರಾಡುವುದನ್ನೂ ಬಿಟ್ಟು ನೆಟ್ಟಗೆ ನಡೆದು ಹೋಗುತ್ತಿದ್ದವು. ಮಾಲೀಕರು ಮದ್ದಿಗೆ ನೀರು ಬೆರೆಸುತ್ತಿದ್ದಾರೆಂದು ಸಿದ್ದಾರೂಢನಿಗೆ ಗುಮಾನಿ. ಯಾರಿಗೂ ಹೇಳದೆ ಒಂದು ಮುಚ್ಚಳ ಹೆಚ್ಚು ಹಾಕಿದ. ಕೆಲವು ತಿಂಗಳು ನಡೆಯಿತು. ಇನ್ನೊಂದು ಮುಚ್ಚಳ ಹಾಕಿದ. ಅವನು ಚಾಪೆ ಕೆಳಗೆ ತೂರಿದರೆ ಅವು ರಂಗೋಲಿ ಕೆಳಗೆ ತೂರಿದವು.

ಒಂದೇ ಒಂದು ಮನೆಯಲ್ಲಿ ಮಾತ್ರ ಮದ್ದು ಮೊದಲಿನಂತೆಯೇ ಕೆಲಸ ಮಾಡುತ್ತಿತ್ತು. ಅದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತರಾಗಿದ್ದ ಅಲಮೇಲು ಅವರ ಮನೆ. ಅಲ್ಲಿ ಒಂದು ಕಟ್ಟಳೆ ಇತ್ತು. ದೇವರಮನೆಗೆ ಮದ್ದು ಹೊಡೆಯುವ ಹಾಗಿಲ್ಲ. ಪೆರುಮಾಳ್ ಮುಂದೆ ಜೀವ ತೆಗೆಯಬಾರದೆಂದು ಅವರ ಅತ್ತೆ ಹೇಳಿ ಹೋಗಿದ್ದರಂತೆ, ಸೊಸೆ ಅದನ್ನು ಮೀರಿರಲಿಲ್ಲ. ಕಳ್ಳನಿಗೆ ಒಂದು ಕೋಣೆ ಬಿಟ್ಟುಕೊಟ್ಟು ಉಳಿದ ಮನೆಗೆ ಬೀಗ ಹಾಕಿದ ಹಾಗಿದೆಯೆಂದು ಸಿದ್ದಾರೂಢ ಒಳಗೊಳಗೇ ನಗುತ್ತಿದ್ದ.

ಆ ನಗು, ಅವನು ತನ್ನ ಮನೆಗೆ ಕಾಲಿಟ್ಟ ಕೂಡಲೇ ಹೋಗಿಬಿಡುತ್ತಿತ್ತು. ದೀಪದ ಕೆಳಗೇ ಕತ್ತಲೆ. ಊರ ಜಿರಲೆ ಕೊಲ್ಲುವವನ ಅಡುಗೆಮನೆಯಲ್ಲಿ ಜಿರಲೆಗಳ ಸಂತೆ. ಅದಕ್ಕಿಂತ ದೊಡ್ಡ ಚಿಂತೆ ಮಗಳು ಪ್ರಿಯಾಂಕಾಳದು. ಒಂದನೇ ತರಗತಿಗೆ ಹೋಗುತ್ತಿದ್ದ ಹುಡುಗಿಗೆ ದಮ್ಮು. ಮಳೆ ಮೋಡ ಕಂಡರೆ ಸಾಕು, ಎದೆಯೊಳಗೆ ಸಿಳ್ಳೆ ಹೊಡೆದ ಹಾಗೆ ಸದ್ದು. ಧೂಳು, ಜಿರಲೆ, ಘಾಟು ಮೂರೂ ಆಗದೆಂದು ಡಾಕ್ಟರು ಹೇಳಿದ್ದರು. ಸಿದ್ದಾರೂಢನ ಕಿವಿಗೆ ಬಿದ್ದದ್ದು ನಡುವಿನದು ಮಾತ್ರ. ತನಗೆ ಗೊತ್ತಿದ್ದ ವಿದ್ಯೆ ಅದೊಂದೇ ಆಗಿತ್ತಲ್ಲ. ಮಗಳ ಉಸಿರು ಉಳಿಯಬೇಕಾದರೆ ಮನೆಯ ಜಿರಲೆ ಹೋಗಬೇಕು, ಅಷ್ಟೇ ಅವನ ಲೆಕ್ಕ.

ಪ್ರತಿ ಭಾನುವಾರ ತಾಯಿ ಮಗಳಿಬ್ಬರನ್ನೂ ಪಾರ್ಕಿಗೆ ಕಳಿಸಿ ಮನೆಗೆಲ್ಲ ಮದ್ದು ಹೊಡೆಯುತ್ತಿದ್ದ. ಸಂಜೆ ಅವರು ಬರುವಷ್ಟರಲ್ಲಿ ಕಿಟಕಿ ತೆಗೆದಿಟ್ಟು ಘಾಟು ಹೋಗಲಾಡಿಸುತ್ತಿದ್ದ.

"ಸಾಕ ಬಿಡ್ರಿ. ವಾಸನಿ ಗೋಡಿಗೇ ಹತ್ತೇತಿ" ಎನ್ನುತ್ತಿದ್ದಳು ದಾನಮ್ಮ.

"ಜಿರಲಿ ಇರೂತನಕ ಅಕಿ ದಮ್ಮು ಹೋಗೂದಿಲ್ಲ, ಡಾಕ್ಟರೇ ಹೇಳ್ಯಾರ" ಎಂದು ಅವನು ಬಾಯಿ ಮುಚ್ಚಿಸುತ್ತಿದ್ದ.

ಎರಡು ಸಾವಿರದ ಮೂರರ ಮಳೆಗಾಲದಲ್ಲಿ ಅವನು ಅಲಮೇಲು ಅವರನ್ನು ಕೇಳಿಯೇಬಿಟ್ಟ. "ಮೇಡಂ, ಎಲ್ಲಾ ಮನೇಲೂ ಜಿರಲೆ ಮದ್ದಿಗೆ ಒಗ್ಗಿಬಿಟ್ಟಾವೆ. ನಿಮ್ಮನೇಲಿ ಹೆಂಗೆ ಸಾಯ್ತಾವೆ?"

ಪಾಠ ಹೇಳಿ ಬಹಳ ದಿನವಾಗಿತ್ತು. ಅವರಿಗೆ ಹುರುಪು ಬಂತು. "ಒಗ್ಗೋದು ಅಲ್ಲ ಕಣಪ್ಪ. ಸಾವಿರ ಜಿರಲೆಲಿ ಎಲ್ಲೋ ಒಂದೆರಡು ಹುಟ್ಟುವಾಗಲೇ ಗಟ್ಟಿ ಇರ್ತವೆ. ನೀನು ಹೊಡೀತೀಯ, ಮೆತ್ತಗಿರೋವೆಲ್ಲ ಸಾಯ್ತವೆ. ಉಳಿಯೋವು ಆ ಗಟ್ಟಿಯವೇ. ಮುಂದೆ ಹುಟ್ಟೋದೆಲ್ಲ ಅವುಗಳ ಮಕ್ಕಳೇ ಅಲ್ವಾ? ಯಾವ ಜಿರಲೆನೂ ಬದಲಾಗಲ್ಲ. ಸಂತಾನ ಬದಲಾಗುತ್ತೆ."

"ಮತ್ತೆ ನಿಮ್ಮನೇಲಿ?"

"ದೇವರಮನೇಲಿ ನೀನು ಹೊಡಿಯಲ್ವಲ್ಲ. ಅಲ್ಲಿ ಮೆತ್ತಗಿರೋವೂ ಉಳ್ಕೊಂಡು ಗಟ್ಟಿಯವುಗಳ ಜೊತೆ ಕೂಡ್ತವೆ. ಅದಕ್ಕೇ ಇಲ್ಲಿ ಎಲ್ಲವೂ ಗಟ್ಟಿ ಆಗಿಲ್ವೇನೋ. ನಮ್ಮತ್ತೆ ಭಕ್ತಿಗೆ ಅಂತ ಮಾಡಿದ್ದು."

ಸಿದ್ದಾರೂಢ ದಾರಿಯುದ್ದಕ್ಕೂ ಇದನ್ನೇ ಮೆಲುಕು ಹಾಕಿದ. ಅರ್ಧ ತಿಳಿದದ್ದು ಏನೂ ತಿಳಿಯದ್ದಕ್ಕಿಂತ ಕೆಟ್ಟದ್ದು. ಅವನಿಗೆ ತಿಳಿದದ್ದು ಇಷ್ಟು: ಉಳಿದವುಗಳಿಂದಲೇ ತೊಂದರೆ. ಹಾಗಾದರೆ ಒಂದೂ ಉಳಿಯದ ಹಾಗೆ ಹೊಡೆದರೆ ಕಥೆ ಮುಗಿಯಿತಲ್ಲ.

ಆ ಭಾನುವಾರ ಅವನು ಮದ್ದಿಗೆ ಅಳತೆ ನೋಡಲಿಲ್ಲ. ಅಟ್ಟ, ಗೂಡು, ಮಂಚದ ಕಾಲು, ಬಾಗಿಲ ಸಂದು, ದೇವರ ಪಟದ ಹಿಂದೆ, ಎಲ್ಲ ಕಡೆ ತೊಯ್ಯುವ ಹಾಗೆ ಹೊಡೆದ. ಬೀಡಿ ಸೇದಲೆಂದು ಬೀದಿ ಕೊನೆಯ ಅಂಗಡಿಗೆ ಹೋದವನನ್ನು ಮಳೆ ಹಿಡಿದು ನಿಲ್ಲಿಸಿತು. ಅದೇ ಮಳೆ ಪಾರ್ಕಿನಲ್ಲಿದ್ದ ತಾಯಿ ಮಗಳನ್ನು ಮನೆಗೆ ಅಟ್ಟಿತು. ದಾನಮ್ಮನಿಗೆ ಘಾಟೇನೋ ಬಡಿಯಿತು, ಆದರೆ ಅದು ಪ್ರತಿ ವಾರದ ಘಾಟು. ಒದ್ದೆಯಾದ ಮಗುವಿಗೆ ಎರಚಲು ಹೊಡೆಯದಿರಲೆಂದು ಅವಳು ಕಿಟಕಿ ಮುಚ್ಚಿದಳು. ಯಾವ ತಾಯಿಯಾದರೂ ಮುಚ್ಚುತ್ತಿದ್ದಳು.

ಮಳೆ ನಿಂತ ಮೇಲೆ ಸಿದ್ದಾರೂಢ ಬಂದಾಗ ಪ್ರಿಯಾಂಕಾ ಗೋಡೆಗೆ ಒರಗಿ, ಹೆಗಲು ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದಳು. "ಅಪ್ಪಾ" ಎನ್ನಲು ಬಾಯಿ ತೆರೆದಳು, ಸದ್ದು ಬರಲಿಲ್ಲ. ಅವನು ಎತ್ತಿಕೊಂಡು ಓಡಿದ. ಆಟೋದಲ್ಲಿ ಅವಳ ತುಟಿ ನೀಲಿಗಟ್ಟಿತ್ತು. ಆಸ್ಪತ್ರೆಯವರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಕತ್ತಲಾಗುವ ಮೊದಲೇ ಮಗು ಹೋಯಿತು.

"ಮೊದಲೇ ಆಸ್ತಮಾ ಇತ್ತು. ಮಳೆ, ಥಂಡಿ, ಘಾಟು... ಇದೇ ಕಾರಣ ಅಂತ ಖಚಿತವಾಗಿ ಹೇಳಕ್ಕಾಗಲ್ಲ" ಎಂದರು ಡಾಕ್ಟರು. ಅವರು ದಯೆಯಿಂದಲೇ ಹೇಳಿದ್ದು. ಆದರೆ ಸಿದ್ದಾರೂಢನ ಅಂಗಿಗೆ ಇನ್ನೂ ಮದ್ದಿನ ವಾಸನೆ ಇತ್ತು, ಮಗಳನ್ನು ಅವನು ಅದೇ ಅಂಗಿಗೆ ಅವುಚಿಕೊಂಡು ತಂದಿದ್ದ.

ಅವನು ಮತ್ತೆ ಪಂಪು ಎತ್ತಲಿಲ್ಲ. ಜೆಪಿ ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ ಹಿಡಿದ. ದಾನಮ್ಮ ಅವನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತೆಂದು ಅವನಿಗೆ ಅನ್ನಿಸುತ್ತಿತ್ತು. ಕಿಟಕಿ ಮುಚ್ಚಿದ ತನ್ನ ಕೈಯನ್ನು ಅವಳು ಬೈದುಕೊಳ್ಳುತ್ತಿದ್ದಳೆಂದು ಅವನಿಗೆ ಹೊಳೆದಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಮ್ಮೆ ಅಲಮೇಲು ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ. ಅವರು ಕುರ್ಚಿಯ ಕೈ ಹಿಡಿದು ಕೂತುಬಿಟ್ಟರು.

"ಮೇಡಂ, ಒಂದು ಕೇಳ್ತೀನಿ. ಜಿರಲೆಗೆ ಆದಂಗೆ ಮನುಷ್ಯರಿಗೂ ಆಗ್ತದಾ? ಈ ಊರಿನ ಹೊಗೆ, ಘಾಟು, ಎಲ್ಲಾ ತಡಕೊಳ್ಳೋ ಅಂಥ ಮಕ್ಕಳು ಮುಂದೆ ಹುಟ್ತಾರಾ?"

ಅಲಮೇಲು ದೇವರಮನೆಯ ಕಡೆ ನೋಡಿದರು. "ಯಾವತ್ತೋ ಆಗಬಹುದೇನೋ. ಆದ್ರೆ ಅದಕ್ಕೆ ತಡಕೊಳ್ಳಲಾರದ ಮಕ್ಕಳೆಲ್ಲ ಮೊದಲು ಹೋಗ್ಬೇಕು, ಸಿದ್ದಾರೂಢ. ಮೂವತ್ತು ವರ್ಷ ಉಳಿದವುಗಳ ಪಾಠಾನೇ ಹೇಳಿದೆ ನಾನು. ಹೋದವುಗಳ ಬಗ್ಗೆ ಯಾರೂ ಕೇಳ್ಲೂ ಇಲ್ಲ, ನಾನು ಹೇಳ್ಲೂ ಇಲ್ಲ." ಅವರ ಕಣ್ಣು ತುಂಬಿತ್ತು. ಅವನು ಕೈಮುಗಿದು ಎದ್ದ.

ಮನೆಗೆ ಬಂದಾಗ ದಾನಮ್ಮ ಪೊರಕೆ ಹಿಡಿದು ನಿಂತಿದ್ದಳು. ಮೊಳೆಗೆ ನೇತುಹಾಕಿದ್ದ ಪ್ರಿಯಾಂಕಾಳ ಸ್ಕೂಲ್ ಬ್ಯಾಗಿನ ಮೇಲೆ ಒಂದು ಜಿರಲೆ ಮೀಸೆಯಾಡಿಸುತ್ತಾ ಹತ್ತುತ್ತಿತ್ತು. ಅವಳು ಅದನ್ನೇ ನೋಡುತ್ತಾ ಕೇಳಿದಳು:

"ಅವತ್ತ ಉಳಕೊಂಡದ್ದು ಇದ ಇರಬೇಕೇನ್ರಿ?"

"ಅಲ್ಲ" ಎಂದ ಸಿದ್ದಾರೂಢ. "ಅದರ ಮಕ್ಕಳಿರಬೇಕು."

ದಾನಮ್ಮ ಪೊರಕೆಯನ್ನು ಮೂಲೆಗಿಟ್ಟಳು.