ಛಾವಣಿ ಕಾಯುವ ಸಿಲ್ವನ್ ಎಬ್ಯಾಂಕ್ಸ್

ಶುಕ್ರವಾರ ಸಂಜೆ ಬೀದಿಯ ಅಂಗಡಿಯವರೆಲ್ಲ ಷಟರನ್ನು ಹೊರಗಿನಿಂದ ಎಳೆದು ಮನೆಗೆ ಹೋಗುತ್ತಾರೆ. ಸಿಲ್ವನ್ ಎಬ್ಯಾಂಕ್ಸ್ ಮಾತ್ರ ಒಳಗಿನಿಂದ ಎಳೆದುಕೊಂಡು, ಯಾರೂ ಕೊಳ್ಳದೆ ಉಳಿದ ಹಸಿರು ಕಾರ್ಪೆಟ್ಟಿನ ಸುರುಳಿಯ ಮೇಲೆ ಕೂತು, ತಲೆಯೆತ್ತಿ ಛಾವಣಿ ನೋಡುತ್ತಾನೆ. ಒಂಬತ್ತು ವರ್ಷದಿಂದ ಇದೇ ಕೆಲಸ. ಛಾವಣಿಯ ಮೇಲಿನ ಮಾಳಿಗೆಯಲ್ಲಿರುವುದು ಗೆಳೆಯ ಆಸ್ಟನ್‌ನ ಕ್ಲಬ್ಬು. ಎಂಬತ್ತು ಜನ ಹಿಡಿಸುವ ಕೋಣೆಯಲ್ಲಿ ನೂರೈವತ್ತು ಜನ ತುಂಬಿಕೊಂಡು ಜಮೈಕಾದ ಸ್ಕಾ ಹಾಡಿಗೆ ಕುಣಿಯುವ ಜಾಗ.

"ನಾನು ಕೆಳಗೆ ಕೂತು ಕಾಯದೇ ಇದ್ರೆ ಅವರೆಲ್ಲ ಯಾವತ್ತೋ ನನ್ನ ಲಿನೋಲಿಯಂ ಹಾಸಿನ ಮೇಲೆ ಬಂದು ಬೀಳ್ತಿದ್ರು" ಎಂದು ಇಂಗ್ಲೆಂಡಿನ ಕವೆಂಟ್ರಿಯ ಅರ್ಧ ಊರಿಗೆ ಹೇಳಿಕೊಂಡು ಬಂದಿದ್ದ. ಮಾತಿಗೆ ಸಾಕ್ಷಿಯಾಗಿ ಅಂಗಡಿಯ ನಡುವೆ ಮೂರು ಕಬ್ಬಿಣದ ಕಂಬ ನಿಲ್ಲಿಸಿದ್ದ. ಗಿರಾಕಿಗಳು ಕಂಬ ನೋಡಿ ಹೆದರಬಾರದಲ್ಲ, ಅದಕ್ಕೆ ಕಾರ್ಪೆಟ್ಟಿನ ತುಂಡು ಸುತ್ತಿ 'ಈ ವಾರ ಮಾತ್ರ' ಎಂಬ ಚೀಟಿ ಅಂಟಿಸಿದ್ದ. ಆ ವಾರ ಮುಗಿದದ್ದೇ ಇಲ್ಲ.

ಇವನಂತೆ ಜಮೈಕಾದಿಂದ ಹಡಗು ಹತ್ತಿ ಬಂದವರು ಅತಿಥಿಗಳಿಗೆಂದೇ ಮೀಸಲಿಟ್ಟು ಮಕ್ಕಳನ್ನು ಕಾಲಿಡಲು ಬಿಡದ ಮುಂದಿನ ಕೋಣೆಗಳಲ್ಲಿ ಹಾಸಿದ್ದೆಲ್ಲ ಇವನ ಅಂಗಡಿಯದೇ. ಅಳತೆಪಟ್ಟಿ ಹಿಡಿಯುವ ಅವನ ಹೆಬ್ಬೆರಳು ಕೊಂಚ ದಪ್ಪ. ಗಜಗಜಕ್ಕೂ ಅದೂ ಲೆಕ್ಕಕ್ಕೆ ಸೇರುತ್ತಿತ್ತು. ಅದನ್ನು ಮೊದಲು ಕಂಡುಹಿಡಿದವಳು ಮಿಸ್ ಐಸಿಲ್ಡಾ, ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿಯುವ ವಿಧವೆ.

"ಬೆರಳು ತೆಗೀರಿ ಮಿಸ್ಟರ್ ಎಬ್ಯಾಂಕ್ಸ್, ಅದನ್ನ ನಾನು ಮನೇಲಿ ಹಾಸಲ್ಲ" ಎಂದಿದ್ದಳು.

ಅಂದಿನಿಂದ ನಾಲ್ಕು ವರ್ಷ ಅವನ ಬೆರಳು ಪ್ರಾಮಾಣಿಕವಾಗಿತ್ತು, ಕನಿಷ್ಠ ಅವಳ ಎದುರಿಗಾದರೂ. ಶುಕ್ರವಾರ ಕ್ಲಬ್ಬಿನಲ್ಲಿ ಮೀನು ಹುರಿಯುವುದು ಅವಳೇ. ಪ್ರತಿ ಸಲವೂ ಒಂದು ತಟ್ಟೆ ಮೀನು, ಹುರಿದ ಬಾಳೆಕಾಯಿ ಹಿಂಬಾಗಿಲಿನಿಂದ ಕೆಳಗೆ ತಂದುಕೊಟ್ಟು, "ಒಂದು ಹಾಡಿಗಾದ್ರೂ ಮೇಲೆ ಬನ್ನಿ" ಎನ್ನುವಳು. ಇವನು ಬಾಯ್ತುಂಬ ಮೀನಿಟ್ಟುಕೊಂಡು ಛಾವಣಿಯ ಕಡೆ ಬೆರಳು ತೋರಿಸುವನು.

ಮಾರ್ಚಿನ ಒಂದು ಶುಕ್ರವಾರ ಅವಳು ಹಳದಿ ಗೌನು ತೊಟ್ಟು ಇಳಿದು ಬಂದಳು. ಕೈಯಲ್ಲಿ ತಟ್ಟೆ ಇರಲಿಲ್ಲ.

"ಇವತ್ತು ನಮ್ಮ ಕವೆಂಟ್ರಿ ಹುಡುಗರೇ ನುಡಿಸ್ತಿದಾರೆ. ಬರ್ತೀರೋ ಇಲ್ವೋ?"

"ಬರಬೇಕು ಅಂತಲೇ ಇದೆ ಮಿಸ್ ಐಸಿಲ್ಡಾ. ಆದ್ರೆ ಜನ ಜಾಸ್ತಿ. ತೊಲೆ ಕಿರುಗುಟ್ತಾ ಇದೆ, ಕೇಳಿಸ್ತಿಲ್ವಾ?"

"ನನಗೆ ಕೇಳಿಸ್ತಿರೋದು ಸಬೂಬು. ನೋಡಿ, ಬಸ್ ಓಡಿಸೋ ರೋಪರ್ ಹೊಸ ಷೂ ಹಾಕ್ಕೊಂಡು ಬಂದು ಮೂರು ಸಲ ಕರೆದ. ನನ್ನ ಮೊದಲ ಕುಣಿತ ಬೇರೆಯವರದು ಅಂದಿದೀನಿ. ನೀವು ಬರದಿದ್ರೆ ಅದು ಅವನದು. ಇನ್ನೊಂದು ಸಲ ನಿಮ್ಮನ್ನ ಕೇಳಲ್ಲ."

ಬಾಗಿಲು ಮುಚ್ಚಿಕೊಂಡಿತು. ಮೇಲೆ ಹಾಡು ಶುರುವಾಯಿತು. ಡ್ರಮ್ಮಿನ ಪೆಟ್ಟು ಒಂದು ಕಡೆ ಬಿದ್ದರೆ, ಎರಡು ಪೆಟ್ಟಿನ ಸಂದಿಯಲ್ಲಿ ಗಿಟಾರು ಚಕ್, ಚಕ್ ಎಂದು ನುಗ್ಗುತ್ತಿತ್ತು. ಕಾಲು ಹೋಗಬೇಕಾದದ್ದು ಆ ಸಂದಿಗೆ. ಸಿಲ್ವನ್‌ನ ಕಾಲು ಹುಟ್ಟಿದಾಗಿನಿಂದ ಆ ಸಂದಿಯನ್ನು ಕಂಡಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಕಿಂಗ್‌ಸ್ಟನ್‌ನ ಒಂದು ಕುಣಿತದಲ್ಲಿ ಜೊತೆಯ ಹುಡುಗಿ ನಡುವೆಯೇ ನಿಂತು, "ಕಾಲಿಗೆ ಏನಾದ್ರೂ ಚುಚ್ಚಿತಾ?" ಎಂದು ನಿಜವಾದ ಮರುಕದಿಂದ ಕೇಳಿದ್ದಳು. ಬೈದಿದ್ದರೆ ಮರೆಯಬಹುದಿತ್ತು. ಇಲ್ಲಿ ನೋಡಿದರೆ, ಅಪ್ಪ ಅಜ್ಜ ಯಾರೂ ಸಮುದ್ರ ದಾಟದ ಇಂಗ್ಲಿಷ್ ಹುಡುಗರು ತಲೆ ಬೋಳಿಸಿಕೊಂಡು ಎರಡೇ ವಾರದಲ್ಲಿ ಕಲಿತುಬಿಟ್ಟಿದ್ದರು. ಜಮೈಕಾದವನೊಬ್ಬ ಅವರ ನಡುವೆ ಹೋಗಿ ತಪ್ಪು ಹೆಜ್ಜೆ ಹಾಕುವುದೆಂದರೆ, ಕಾರ್ಪೆಟ್ ಮಾರುವವನ ಮನೆಯ ನೆಲ ಬರಿದಾಗಿದ್ದಂತೆ.

ಎರಡನೇ ಹಾಡಿಗೆ ಆಸ್ಟನ್ ಬೆವರೊರೆಸಿಕೊಳ್ಳುತ್ತ ಇಳಿದು ಬಂದ.

"ಏನಯ್ಯಾ ಹೇಳ್ದೆ ಅವಳಿಗೆ? ಕೈಕಟ್ಟಿ ಗೋಡೆಗೆ ಒರಗಿ ನಿಂತಿದಾಳೆ. ಬಾಣಲೆ ಆರಿಹೋಗಿದೆ. ಮೀನಿನ ಬದಲು ಜನ ನನ್ನನ್ನ ಹುರೀತಿದಾರೆ."

"ಛಾವಣಿ ಕಾಯ್ಬೇಕಲ್ಲ ಆಸ್ಟನ್."

ಆಸ್ಟನ್ ಹತ್ತಿರದ ಕಂಬವನ್ನು ಒಂದೇ ಬೆರಳಿನಿಂದ ತಳ್ಳಿದ. ಕಂಬ ತಲೆಯಾಡಿಸಿತು. ಅದರ ತುದಿಗೂ ತೊಲೆಗೂ ನಡುವೆ ಎರಡು ಬೆರಳು ಜಾಗವಿತ್ತು.

"ಎರಡು ವರ್ಷದ ಹಿಂದೆ ನೀನೇ ದೊಡ್ಡ ಸುರುಳಿ ಆಚೆ ತೆಗೀಲಿಕ್ಕೆ ಮೂರನ್ನೂ ಸಡಿಲ ಮಾಡ್ದೆ. ಮತ್ತೆ ಬಿಗಿ ಮಾಡ್ಲಿಲ್ಲ. ನಾನು ನೋಡಿದೀನಿ, ಸುಮ್ಮನಿದೀನಿ. ಹಿಂದೆ ಈ ಮಾಳಿಗೆ ಮೇಲೆ ರಿಬ್ಬನ್ ನೇಯೋ ಮಗ್ಗಗಳಿದ್ವು. ಮಗ್ಗ ತಡ್ಕೊಂಡ ತೊಲೆ ನಿನ್ನನ್ನ ತಡ್ಕೊಳ್ಳಲ್ವಾ? ಕುಣಿಯಕ್ಕೆ ಬರಲ್ಲ ಅನ್ನು, ಮುಗೀತು."

ಸಿಲ್ವನ್‌ನ ಮುಖ ಸಣ್ಣದಾಯಿತು. "ಎಲ್ಲರಿಗೂ ಗೊತ್ತಾ?"

"ನನಗೊಬ್ಬನಿಗೆ. ಅಂಗಡೀಲಿ ರೇಡಿಯೋ ಹಾಡು ಬಂದಾಗ ನೀನು ತಾಳಕ್ಕೆ ಅಂತ ಕತ್ತರಿ ಕುಟ್ಟೋದು ಕೇಳಿದೀನಲ್ಲ, ದೇವರೇ ಕಾಪಾಡಬೇಕು. ಅವಳಿಗೆ ಗೊತ್ತಿಲ್ಲ ಕಣಯ್ಯ. ಅವಳು ತಿಳ್ಕೊಂಡಿರೋದೇ ಬೇರೆ. ಅವಳ ಜೊತೆ ನಾಲ್ಕು ಜನರ ಮುಂದೆ ನಿಲ್ಲೋಕೆ ನಿನಗೆ ಇಷ್ಟ ಇಲ್ಲ ಅಂತ."

ಗಿರಾಕಿ ಬಾಗಿಲ ತನಕ ಹೋಗುವುದನ್ನು ನೋಡಿ ಬೆಲೆ ಇಳಿಸುವುದು ಸಿಲ್ವನ್‌ಗೆ ಗೊತ್ತಿದ್ದ ವಿದ್ಯೆ. ಬಾಗಿಲು ದಾಟಿದ ಮೇಲೆ ಯಾವ ಬೆಲೆಯೂ ನಡೆಯದು ಎಂಬುದೂ ಗೊತ್ತಿತ್ತು. ಕೋಟು ಹಾಕಿಕೊಳ್ಳುವುದನ್ನೂ ಮರೆತು ಮೆಟ್ಟಿಲು ಹತ್ತಿದ.

ಮೇಲೆ ಗೋಡೆಗಳೇ ಬೆವರುತ್ತಿದ್ದವು. ಕರಿಯ ಬಿಳಿಯ ತಲೆಗಳೆಲ್ಲ ಒಂದೇ ಅಲೆಯಾಗಿ ಏಳುತ್ತ ಬೀಳುತ್ತ ಇದ್ದವು, ತುತ್ತೂರಿಯವನ ಕೆನ್ನೆ ಸಿಡಿಯುವಂತೆ ಉಬ್ಬಿತ್ತು. ರೋಪರ್ ಕೈ ಚಾಚಿ ಐಸಿಲ್ಡಾಳತ್ತ ಹೊರಟಿದ್ದ. ಸಿಲ್ವನ್ ಮೊಣಕೈಯಿಂದ ಜನರನ್ನು ಸರಿಸಿಕೊಂಡು ಅವನಿಗಿಂತ ಎರಡು ಮಾರು ಮೊದಲು ಅವಳ ಬಳಿ ತಲುಪಿದ. ಏನು ಹೇಳಿದರೂ ಅವಳಿಗೆ ಕೇಳಿಸಲಿಲ್ಲ. ಎದೆ ತುಂಬ ಉಸಿರೆಳೆದು ಕೂಗಿದ:

"ನನಗೆ ಕುಣಿಯಕ್ಕೆ ಬರಲ್ಲ!"

ಹಾಡು ಮುಗಿದದ್ದು ಅದೇ ಗಳಿಗೆಗೆ. ನೂರೈವತ್ತು ಜನ ತಿರುಗಿ ನೋಡಿದರು. ಬೋಳುತಲೆಯ ಹುಡುಗನೊಬ್ಬ, "ನಾನು ಹೇಳ್ಕೊಡ್ಲಾ ಯಜಮಾನ್ರೇ?" ಎಂದ. ಕೋಣೆಯೇ ಗೊಳ್ಳೆಂದಿತು.

ಐಸಿಲ್ಡಾ ಮಾತ್ರ ನಗಲಿಲ್ಲ. "ಇಷ್ಟೇನಾ? ನಾಲ್ಕು ವರ್ಷ ಇಷ್ಟಕ್ಕಾ?"

"ಇಷ್ಟೇ. ಬೇರೆ ಏನೂ ಇಲ್ಲ. ನಿಮ್ಮಾಣೆ."

"ಮೆಲ್ಲಗೆ ಹೇಳಿದ್ರೂ ಕೇಳಿಸ್ತಿತ್ತು. ಈಗ ಬರ್ಮಿಂಗ್‌ಹ್ಯಾಮಿಗೂ ಕೇಳಿಸಿರುತ್ತೆ." ಅವನ ಕೈ ಹಿಡಿದು ನಡುವಿಗೆ ಎಳೆದಳು. "ಕಾಲು ನೋಡ್ಬೇಡಿ. ನನ್ನ ನೋಡಿ."

ಮುಂದಿನ ಹಾಡು ಶುರುವಾಯಿತು. ಅವನು ನೋಡಿದ. ಕಾಲು ತನ್ನ ಪಾಡಿಗೆ ತಾನು ಬೇಕಾದಲ್ಲಿ ಬಿತ್ತು. ಮೊದಲು ರೋಪರ್‌ನ ಹೊಸ ಷೂ ಮೇಲೆ, ಆಮೇಲೆ ಅವಳ ಪಾದದ ಮೇಲೆ. ಅವಳು "ಅಯ್ಯಪ್ಪಾ" ಎಂದಳು, ಕೈ ಬಿಡಲಿಲ್ಲ. ಗಿಟಾರು ಒಂದು ಕಡೆ, ಡ್ರಮ್ಮು ಒಂದು ಕಡೆ, ಸಿಲ್ವನ್ ಎಬ್ಯಾಂಕ್ಸ್ ಮೂರನೆಯ ಕಡೆ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಬಾಯಿ ಕಿವಿತನಕ ಹೋಗಿತ್ತು.

ಹಾಡು ನಿಂತಿತು. ಅದು ಅವನಿಗೆ ಗೊತ್ತಾಗಲು ಇನ್ನೆರಡು ಹೆಜ್ಜೆ ಬೇಕಾಯಿತು. ಐಸಿಲ್ಡಾ ಆ ಎರಡನ್ನೂ ಅವನ ಜೊತೆಗೇ ಹಾಕಿದಳು.