ಸಡಿಲ ಬಿಟ್ಟ ಸ್ಕ್ರೂ

ಫ್ಯಾನ್ ರಿಪೇರಿಯವನು ಪ್ರಾಯದಲ್ಲಿ ಪ್ರತಿ ಫ್ಯಾನಿನಲ್ಲೂ ಒಂದು ಸ್ಕ್ರೂ ಬೇಕೆಂದೇ ಸಡಿಲ ಬಿಡುತ್ತಿದ್ದ. ಆರು ತಿಂಗಳಿಗೆ ಅದು ಗಡಗಡ ಎಂದರೆ ಗಿರಾಕಿ ಮತ್ತೆ ಇವನ ಬಾಗಿಲಿಗೇ ಬರಬೇಕು. ತಾ ಕಳ್ಳ, ಪರರ ನಂಬ ಅನ್ನುತ್ತಾರಲ್ಲ, ಹಾಗಾಯಿತು. ವಯಸ್ಸಾದ ಮೇಲೆ ಅವನಿಗೆ ಗುದದ್ವಾರದ ಕ್ಯಾನ್ಸರ್ ತಪಾಸಣೆ ಮಾಡಿದ ಡಾಕ್ಟರಮ್ಮ, "ಸದ್ಯಕ್ಕೆ ಭಯ ಪಡೋಂಥದ್ದೇನಿಲ್ಲ, ಆದ್ರೆ ಆರು ತಿಂಗಳಿಗೊಮ್ಮೆ ಬಂದು ತೋರಿಸಿ" ಎಂದಾಗ ಅವನ ಕಿವಿ ನಿಮಿರಿತು.

"ಏನೂ ಇಲ್ಲ ಅಂದ್ಮೇಲೆ ಮತ್ಯಾಕೆ ಬರಬೇಕು? ಇದು ನನ್ನ ಸ್ಕ್ರೂ ಆಟಾನೇ ಕಣೇ!" ಎಂದು ಹೆಂಡತಿಯೆದುರು ಹಲ್ಲು ಕಡಿದ.

ಆ ಆಟ ಬಯಲು ಮಾಡಲೆಂದೇ ಒಂದು ತಾರೀಕನ್ನೂ ತಪ್ಪಿಸಲಿಲ್ಲ. ಮುಜುಗರ ನುಂಗಿಕೊಂಡು ಗೋಡೆಯತ್ತ ಮಗ್ಗುಲಾಗಿ ಮಲಗಿ, ಹೋದ ಸಲದ ಮಾತಿಗೂ ಈ ಸಲದ ಮಾತಿಗೂ ತಾಳೆ ಹಾಕುತ್ತಿದ್ದ.

ಐದನೇ ಸಲ ಡಾಕ್ಟರಮ್ಮ ಅನುಮಾನ ಬಂದ ಜಾಗದಿಂದ ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರಿಗೆ ತಿರುಗಬಹುದಾದ ಮಚ್ಚೆ ಅದು ಎಂದು ವರದಿ ಬಂತು. ತಿರುಗುವ ಮೊದಲೇ ಸುಟ್ಟುಹಾಕಿದರು.

"ಈಗಲಾದ್ರೂ ಅವರನ್ನ ನಂಬ್ತೀರಾ?" ಎಂದಳು ಹೆಂಡತಿ.

"ನಂಬಿದ್ದಿದ್ರೆ, ಭಯ ಇಲ್ಲ ಅಂದ ದಿನಾನೇ ಹಾಯಾಗಿ ಮನೇಲಿ ಕೂತುಬಿಡ್ತಿದ್ದೆ" ಎಂದವನು, ಮುಂದಿನ ತಾರೀಕಿನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಜೇಬಿಗಿಳಿಸಿದ.