ಅವ್ವನ ಎಡೆಗೆ ಬಂದ ಪಾಯಸ

ಅವ್ವನಿಗೆ ಹಾಲಿನ ವಾಸನೆ ಆಗುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಕಾಯತೊಡಗಿತೆಂದರೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. ಜಗಳೂರಿನಲ್ಲಿ ನಾವಿದ್ದಾಗ ಮನೆಯಲ್ಲಿ ಒಂದು ಎಮ್ಮೆ ಇತ್ತು. ಕರೆಯುವುದು ಅವಳು, ಕಾಯಿಸುವುದು ನಾನು. ಅವಳು ಬದುಕಿನುದ್ದಕ್ಕೂ ಕುಡಿದದ್ದು ಬೆಲ್ಲದ ಕರಿ ಚಹಾ, ಅಂಚು ನೆಗ್ಗಿದ ಒಂದೇ ಸ್ಟೀಲ್ ಲೋಟದಲ್ಲಿ. ಇದನ್ನು ಮೊದಲೇ ಬರೆದಿಡುತ್ತೇನೆ, ಯಾಕೆಂದರೆ ನನ್ನ ಹೆಸರಿನಲ್ಲಿ ಅಚ್ಚಾಗಿರುವುದು ಬೇರೆ.

ನಾನು ಚನ್ನಗಿರಿಯಲ್ಲಿ ಸಂಸಾರ ಮಾಡಿಕೊಂಡಿರುವವಳು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ನೋಟ್‌ಬುಕ್ಕಿನಲ್ಲಿ ಆ ದಿನದ್ದನ್ನು ಬರೆಯುವ ರೂಢಿ. ಏನು ಅಡಿಗೆ, ಯಾರು ಬಂದರು, ನಲ್ಲಿ ಎಷ್ಟು ಹೊತ್ತಿಗೆ ಬಂತು, ಎದುರು ಮನೆಯ ತಾರಸಿಯ ಮೇಲೆ ಏನು ಒಣಗಿತ್ತು. ಅದರಿಂದಲೇ ಹೆಕ್ಕಿ ಜಿಲ್ಲೆಯ ಒಂದು ಸಣ್ಣ ಪತ್ರಿಕೆಗೆ ವಾರಕ್ಕೊಂದು ಬರಹ ಕಳಿಸುತ್ತಿದ್ದೆ. ನಮ್ಮ ಬೀದಿಯ ಕಿರಾಣಿ ಅಂಗಡಿಯ ಸಾಬರು ಅದನ್ನು ಓದುತ್ತಿದ್ದರು. "ಅಕ್ಕಾರೆ, ಈ ವಾರ ಹೀರೇಕಾಯಿ ಬಗ್ಗೆ ಬರ್ದೀರಿ. ಮುಂದಿನ ವಾರ ನಮ್ಮ ತೊಗರಿಬೇಳೆ ಬಗ್ಗೆ ಬರೀರಿ, ವ್ಯಾಪಾರನಾದ್ರೂ ಆಗ್ಲಿ" ಎಂದು ನಗುತ್ತಿದ್ದರು. ನನಗೆ ಅಷ್ಟು ಸಾಕಿತ್ತು.

ಪತ್ರಿಕೆಗೆ ಹೊಸದಾಗಿ ಬಂದ ಸಂಪಾದಕರಿಗೆ ಸಾಲಲಿಲ್ಲ. ಒಂದು ದಿನ ಫೋನು ಮಾಡಿದರು.

"ಮೇಡಂ, ನಿಮ್ಮದು ಎಲ್ಲಾ ಸರಿ ಐತೆ. ಆದ್ರೆ ಓದಿದ್ರೆ ಕಣ್ಣಾಗೆ ನೀರು ಬರಂಗಿಲ್ಲ."

"ಬರ್ಲೇಬೇಕೇನ್ರೀ?"

"ಈಗಿನೋರಿಗೆ ಬರ್ಬೇಕ್ರೀ. ನೀವು ಬರ್ದಿದ್ದನ್ನ ಎಐಗೆ ಹಾಕ್ರಿ, ಒಂದು ನಿಮಿಷದಾಗೆ ತಿದ್ದಿ ಕೊಡ್ತೈತೆ. ಎಲ್ಲಾರೂ ಅದ್ನೇ ಮಾಡ್ತಾರೆ ಈಗ."

ಮೊಬೈಲಿಗೆ ಅದನ್ನು ಹಾಕಿಕೊಳ್ಳುವುದನ್ನೂ ಅವರೇ ಹೇಳಿಕೊಟ್ಟರು. ಪರೀಕ್ಷೆ ಮಾಡೋಣವೆಂದು ಮೊದಲು ಉಪ್ಪಿಟ್ಟಿನ ಬಗ್ಗೆ ನಾಲ್ಕು ಸಾಲು ಕೊಟ್ಟೆ. ನಲವತ್ತು ಸಾಲು ಬಂತು. ನಮ್ಮ ಮನೆಯ ಉಪ್ಪಿಟ್ಟಿನಲ್ಲಿ ಇಷ್ಟೊಂದು ದುಃಖವಿದೆಯೆಂದು ನನಗೇ ಗೊತ್ತಿರಲಿಲ್ಲ. ಮನೆಯವರಿಗೆ ಓದಿ ಹೇಳಿದೆ. "ಉಪ್ಪು ಕಮ್ಮಿ ಇತ್ತು ಅಂತ ಬರ್ದೈತಾ ನೋಡು. ಇಲ್ಲಾಂದ್ರೆ ಅದಕ್ಕೇನೂ ಗೊತ್ತಿಲ್ಲ ಅಂತ ಅರ್ಥ" ಎಂದರು. ಇಬ್ಬರೂ ನಕ್ಕೆವು. ನಕ್ಕೆವೇ ಹೊರತು ನಾನು ಅದನ್ನು ಬಿಡಲಿಲ್ಲ. ಎರಡು ಮೂರು ವಾರ ಸಣ್ಣಪುಟ್ಟ ತಿದ್ದುಪಡಿಗೆ ಬಳಸಿದೆ. ಬೇಸರಿಸಿಕೊಳ್ಳದೆ, ಎಷ್ಟು ಸಲ ಕೇಳಿದರೂ ಬರೆದು ಕೊಡುತ್ತಿತ್ತು.

ಆಮೇಲೆ ಅವ್ವನ ಬರಹದ ಸರದಿ ಬಂತು. ಅವಳು ಹೋಗಿ ವರ್ಷ ತುಂಬುವುದರಲ್ಲಿತ್ತು. ಕೊನೆಯ ಹನ್ನೊಂದು ವರ್ಷ ಅವಳು ಇದ್ದದ್ದು ಹೊನ್ನಾಳಿಯಲ್ಲಿ, ನನ್ನ ತಮ್ಮನ ಮನೆಯಲ್ಲಿ. ನೋಡಿಕೊಂಡವಳು ತಮ್ಮನ ಹೆಂಡತಿ. ನಾನು ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ, ಊಟ ಮಾಡಿ, ಸಂಜೆಯ ಬಸ್ಸಿಗೆ ವಾಪಸಾಗುತ್ತಿದ್ದೆ.

ನಾನೇ ಕೈಯಾರೆ ಬರೆದದ್ದು ಒಂದೂವರೆ ಪುಟ. ಅದರಲ್ಲಿ ನೆಗ್ಗಿದ ಲೋಟ ಇತ್ತು, ಹಾಲಿನ ವಾಸನೆ ಇತ್ತು. ತಮ್ಮನ ಹೆಂಡತಿ ದಿನಾ ಸಂಜೆ ಬಕೆಟ್ಟಿನಲ್ಲಿ ಬಿಸಿನೀರಿಗೆ ಕಲ್ಲುಪ್ಪು ಹಾಕಿ ಅವ್ವನ ಕಾಲು ಇಳಿಬಿಡಿಸಿ, ಒಡೆದ ಹಿಮ್ಮಡಿ ತಿಕ್ಕುತ್ತಿದ್ದದ್ದೂ ಇತ್ತು. ಅಷ್ಟನ್ನೂ ಮೊಬೈಲಿಗೆ ಹಾಕಿ, ಮನಸ್ಸಿಗೆ ತಟ್ಟುವ ಹಾಗೆ ಮಾಡು ಅಂದೆ.

ಬಂದದ್ದರಲ್ಲಿ ಬಕೆಟ್ಟು ಇರಲಿಲ್ಲ, ಸೊಸೆ ಇರಲಿಲ್ಲ. ಹಾಲಿನ ವಾಸನೆ ಹಾಲಿನ ಪರಿಮಳವಾಗಿತ್ತು. ಜೊತೆಗೆ ಹೀಗೊಂದು ಮಾತು: ‘ಶ್ಯಾವಿಗೆ ಪಾಯಸಕ್ಕೆ ಹಾಲು ಉಕ್ಕುವಾಗ ಅವ್ವನ ಮುಖದಲ್ಲಿ ಒಂದು ಮಗು ಎದ್ದು ಕೂರುತ್ತಿತ್ತು. ಆ ಆಸೆಯನ್ನು ಅವಳು ಯಾರ ಮುಂದೆಯೂ ಹೇಳಲಿಲ್ಲ. ನನಗೊಬ್ಬಳಿಗೇ ಗೊತ್ತಿತ್ತು.’

ಸುಳ್ಳು ಎಂದು ಓದಿದ ಕೂಡಲೇ ಗೊತ್ತಾಯಿತು. ಅಳಿಸಲೆಂದು ಬೆರಳನ್ನೂ ಇಟ್ಟೆ. ಆದರೆ ‘ನನಗೊಬ್ಬಳಿಗೇ’ ಅನ್ನುವುದು ಹಿತವಾಗಿತ್ತು. ಸಂಜೆಯ ಬಸ್ಸಿಗೆ ಎದ್ದು ಬರುತ್ತಿದ್ದ ಮಗಳಿಗೆ ಅಂಥ ಮಾತನ್ನು ಬೇರೆ ಯಾರೂ ಹೇಳುವವರಿರಲಿಲ್ಲ. ಹಾಗೇ ಕಳಿಸಿಬಿಟ್ಟೆ.

ಭಾನುವಾರ ಅಚ್ಚಾಯಿತು. ನ್ಯಾಮತಿಯಿಂದ ಗುರುತಿಲ್ಲದ ಹೆಂಗಸೊಬ್ಬರು ಫೋನು ಮಾಡಿ, "ನಮ್ಮವ್ವನೂ ಹಿಂಗೇ ಇದ್ಲು ಕಣ್ರೀ" ಎಂದು ಬಿಕ್ಕಿದರು. ಸಂಪಾದಕರು, "ನೋಡಿದ್ರಾ, ನಾನು ಹೇಳ್ಲಿಲ್ವಾ?" ಎಂದರು. ಸಾಬರು ಮಾತ್ರ ಬೇಳೆ ಕಟ್ಟಿ ಕೊಡುತ್ತಾ, "ಚಲೋ ಐತೆ. ಆದ್ರೆ ನಿಮ್ಮ ಕೈದಲ್ಲ ಅನ್ಸ್ತು" ಎಂದರು. ಹೊನ್ನಾಳಿಯಿಂದ ಒಂದು ಮಾತೂ ಬರಲಿಲ್ಲ.

ಒಂದು ತಿಂಗಳಿಗೆ ಹಿರಿಯರ ಹಬ್ಬ. ಹೊನ್ನಾಳಿಗೆ ಹೋದೆ. ನಮ್ಮಲ್ಲಿ ಸತ್ತವರಿಗೆ ಎಡೆ ಹಾಕುವಾಗ ಅವರವರಿಗೆ ಇಷ್ಟವಾದದ್ದನ್ನೇ ಇಡಬೇಕು. ಒಳಗೆ ಕಳಸ ಇಟ್ಟು, ಹೊಸ ಬಟ್ಟೆ ಇಟ್ಟು, ಎಲೆ ಹಾಸಿ ಬಡಿಸಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುತ್ತೇವೆ. ಹಿರಿಯರು ಉಂಡು ಏಳುವ ತನಕ ಯಾರೂ ಒಳಗೆ ಹೋಗುವಂತಿಲ್ಲ. ಹೋಗುವಾಗಲೂ ಕೆಮ್ಮಿ, ಸದ್ದು ಮಾಡಿಯೇ ಹೋಗಬೇಕು.

ಅಪ್ಪನ ಎಲೆಯ ಪಕ್ಕದಲ್ಲಿ ಬೀಡಿಕಟ್ಟು ಇತ್ತು. ಅವ್ವನ ಎಲೆಯಲ್ಲಿ ಅವಳಿಗೆ ಇಷ್ಟದ ಸಜ್ಜೆ ರೊಟ್ಟಿ ಇರಲಿಲ್ಲ, ಕರಿ ಚಹಾ ಇರಲಿಲ್ಲ. ತಮ್ಮನ ಹೆಂಡತಿ ಅಡಿಗೆ ಮನೆಯಿಂದ ಹೊಗೆಯಾಡುವ ಲೋಟ ತಂದು, ಎರಡೂ ಕೈಯಿಂದ ಇಟ್ಟು, ಹಣೆ ನೆಲಕ್ಕೆ ಹಚ್ಚಿದಳು. ಅದೇ ನೆಗ್ಗಿದ ಲೋಟ. ಒಳಗೆ ಶ್ಯಾವಿಗೆ ಪಾಯಸ. ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಬಾಗಿಲು ಮುಂದೆ ಮಾಡಿದ.

ಪಡಸಾಲೆಯಲ್ಲಿ ಕೂತೆವು. ತಮ್ಮನ ಹೆಂಡತಿಯ ಕಣ್ಣು ಊದಿತ್ತು.

"ಪಾಯಸ ಯಾಕೆ ಮಾಡಿದ್ಯೇ?" ಎಂದೆ.

"ನೀವೇ ಬರ್ದಿದ್ರಲ್ಲ ಅಕ್ಕಾರೆ."

ತಮ್ಮ ನಡುವೆ ಬಾಯಿ ಹಾಕಿದ. "ಅವ್ವಂಗೆ ಇಷ್ಟ ಇತ್ತು ಬಿಡಕ್ಕ. ನಂಗೂ ಈಗ ನೆನಪಾಗ್ತೈತೆ, ಸಣ್ಣೋನಿದ್ದಾಗ ಯಾವಾಗ್ಲೋ ಕುಡಿತಿದ್ಲು."

"ಯಾವಾಗ ಕುಡಿತಿದ್ಲೋ?"

"ಕುಡಿತಿದ್ಲು ಅಂದ್ನಲ್ಲ. ಪೇಪರ್ನಾಗೆ ಓದಿದ ಮ್ಯಾಲೆ ಕಣ್ಣಿಗೆ ಕಟ್ಟಿದಂಗೆ ಐತೆ."

ಅವಳು ನೆಲ ನೋಡುತ್ತಾ ಹೇಳಿದಳು: "ಆಸ್ಪತ್ರೆನಾಗೆ ಹಾಲು ಕೊಟ್ರೆ ಅತ್ತೆಯೋರು ಮುಖ ತಿರುವೋರು. ಸೇರಂಗಿಲ್ಲ ಅಂತ ತಿಳ್ಕಂಡಿದ್ದೆ. ಇಷ್ಟು ವರ್ಷ ಒಂದು ಮನ್ಯಾಗೆ ಇದ್ದು, ಒಂದು ಲೋಟ ಪಾಯಸದ ಆಸೆ ನನ್ನ ಹತ್ರ ಹೇಳ್ಲಿಲ್ಲ ನೋಡ್ರಿ. ನಾನು ಬೈತೀನಿ ಅಂತ ಅಂಜ್ಕಂಡಿದ್ರೇನೋ. ನಿಮ್ಮ ಹತ್ರ ಮಾತ್ರ ಹೇಳ್ಕಂಡ್ರು." ಸೆರಗಿನಿಂದ ಮೂಗು ಒರೆಸಿಕೊಂಡಳು. ಪತ್ರಿಕೆ ಬಂದ ದಿನದಿಂದ ಇವಳು ಸರಿಯಾಗಿ ಉಣ್ಣುತ್ತಿಲ್ಲವೆಂದು ತಮ್ಮ ಹೇಳಿದ.

ಹೇಳದೆ ಇರಲು ಆಗಲಿಲ್ಲ. "ಅವ್ವ ಹೇಳಿಲ್ಲ. ಹೇಳಾಕೆ ಅವಳಿಗೆ ಅಂಥ ಆಸೆನೇ ಇರ್ಲಿಲ್ಲ. ಅದು ನಾನು ಬರ್ದಿದ್ದಲ್ಲ, ಮೊಬೈಲು ಬರ್ದಿದ್ದು."

"ಮೊಬೈಲು?"

ವಿವರಿಸಿ ಹೇಳಿದೆ. ನಾನು ಕೊಟ್ಟದ್ದೇನು, ಅದು ತಿದ್ದಿದ್ದೇನು ಎಲ್ಲ. ತಮ್ಮ ಎದ್ದು ಹೊರಗೆ ಹೋದ.

"ನಿಮ್ಮದ್ರಾಗೆ ನಾನಿದ್ನಾ?" ಎಂದು ಕೇಳಿದಳು.

"ಇದ್ದಿ. ಬಿಸಿನೀರು, ಕಲ್ಲುಪ್ಪು, ಎಲ್ಲಾ ಇತ್ತು. ಅದು ತೆಗೆದು ಹಾಕ್ತು. ಅದಕ್ಕೇನು ಗೊತ್ತು ಹೇಳು?"

"ಅದಕ್ಕೆ ಗೊತ್ತಿಲ್ರಿ. ನಿಮಗೆ ಗೊತ್ತಿತ್ತಲ್ಲ."

ಅವಳು ಎದ್ದಳು. ಕೆಮ್ಮಲಿಲ್ಲ, ಬಾಗಿಲು ಬಡಿಯಲಿಲ್ಲ. ದೂಡಿಕೊಂಡು ಒಳಗೆ ಹೋಗಿ, ಅವ್ವನ ಎಲೆಯ ಪಕ್ಕದ ಲೋಟ ತಂದು ನನ್ನ ಮುಂದೆ ಇಟ್ಟಳು.

"ಕುಡೀರಿ. ಲೋಟ ಬೇಕು ನಂಗೆ."

ಕುಡಿದೆ. ಆರಿ ಕೆನೆ ಕಟ್ಟಿತ್ತು, ಏಲಕ್ಕಿ ಹೆಚ್ಚಾಗಿತ್ತು. ನಾನು ಮುಗಿಸುವ ತನಕ ಅವಳು ನಿಂತೇ ಇದ್ದಳು. ಆಮೇಲೆ ಲೋಟ ಒಯ್ದು ಬೂದಿ ಹಾಕಿ ಎರಡು ಸಲ ತಿಕ್ಕಿ ತೊಳೆದು, ಮೂಸಿ ನೋಡಿ, ಮತ್ತೊಮ್ಮೆ ತೊಳೆದು, ಚಹಾಕ್ಕೆ ನೀರಿಟ್ಟಳು. ಬೆಲ್ಲ ಕುಟ್ಟುವ ಸದ್ದು ಬಂತು. ಕರಿ ಚಹಾ ಒಳಗಿಟ್ಟು ಬಂದು, ಬಾಗಿಲನ್ನು ತಾನೇ ಮುಂದೆ ಮಾಡಿ, ನನ್ನಿಂದ ದೂರ ಕಂಬದ ಹತ್ತಿರ ಕೂತಳು.

ತಪ್ಪಾಗಿದೆ, ತಿದ್ದಿ ಹಾಕಿ ಎಂದು ಆ ವಾರವೇ ಸಂಪಾದಕರನ್ನು ಕೇಳಿದೆ. "ಪಾಯಸಕ್ಕೆಲ್ಲಾ ಯಾರು ತಿದ್ದುಪಡಿ ಹಾಕ್ತಾರೆ ಮೇಡಂ? ಅಂಥದ್ದೇ ಇನ್ನೊಂದು ಕಳಿಸ್ರಿ" ಎಂದರು. ಕಳಿಸಲಿಲ್ಲ. ನಾನು ಬರೆದ ಒಂದೂವರೆ ಪುಟವನ್ನು ನಕಲು ಮಾಡಿ ಹೊನ್ನಾಳಿಗೆ ಅಂಚೆಯಲ್ಲಿ ಕಳಿಸಿದೆ. ಮುಟ್ಟಿತೇ ಎಂದು ಕೇಳಲು ಫೋನು ಮಾಡಿದಾಗ ಎತ್ತಿದವನು ತಮ್ಮ.

"ಬಂತಕ್ಕ. ಅವ್ಳು ಓದಿ ಮಡಿಚಿ ಇಟ್ಲು."

"ಏನಂದ್ಲು?"

"ಇದನ್ನ ಅಕ್ಕಾರೇ ಬರ್ದಿದ್ದಾ ಅಂತ ಕೇಳಿದ್ಲು, ಅಷ್ಟೆ."